ಕಾಜಿಟನ್ ಬರೆದ ಶನಿವಾರ

ಕಾಜಿಟನ್ ಪಾಯಸ್ ಭಾನುವಾರ ಸೂಜಿಗೆ ದಾರವನ್ನೂ ಪೋಣಿಸದ ಆಸಾಮಿ. ಮಂಗಳೂರಿನಲ್ಲಿ ತಾಯಿ ಕಲಿಸಿದ ಪಾಠ ಅದು. ನೈರೋಬಿಗೆ ಬಂದು ಇಪ್ಪತ್ತು ವರ್ಷವಾದರೂ ಬಿಟ್ಟಿರಲಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ಯಾರಿಗೇನು ನಷ್ಟವಿತ್ತು? ಸಸ್ಯಾಗಾರದಲ್ಲಿ ಒಣಗಿಸಿದ ಗಿಡಗಳನ್ನು ಗುರುತಿಸಿ ಲೇಬಲ್ ಬರೆಯುವುದು ಅವನ ಕೆಲಸ. ಬೆಟ್ಟ ಹತ್ತಿ ಗಿಡ ತರುವವನು ಪೀಟರ್. ಪೀಟರ್ ಭಾನುವಾರ ಕಿತ್ತ ಗಿಡಕ್ಕೆಲ್ಲ ಈ ಪುಣ್ಯಾತ್ಮ ಶನಿವಾರದ ತಾರೀಕು ಹಾಕಿ, ಪೀಟರನ ಪೆನ್ಸಿಲ್ ಚೀಟಿಯನ್ನು ಹರಿದು ಕಸದ ಬುಟ್ಟಿಗೆ ಎಸೆಯುತ್ತಿದ್ದ. ದೇವರ ದಿನದ ದುಡಿಮೆ ತನ್ನ ಕೈಬರಹದಲ್ಲಿ ದಾಖಲಾಗಬಾರದಂತೆ! ಹನ್ನೆರಡು ವರ್ಷ ಹೀಗೇ ನಡೆಯಿತು.

೧೯೮೭ರ ಜುಲೈ ತಿಂಗಳ ಒಂದು ಸೋಮವಾರ ಪೊಲೀಸರು ಸಸ್ಯಾಗಾರಕ್ಕೆ ನುಗ್ಗಿ ಪೀಟರನನ್ನು ಎಳೆದೊಯ್ದರು. ಹಿಂದಿನ ದಿನ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ನೈರೋಬಿಯ ಮುಥೈಗಾ ಬಡಾವಣೆಯ ಬಂಗಲೆಯೊಂದರ ಕಾವಲುಗಾರನನ್ನು ಯಾರೋ ಕತ್ತಿಯಿಂದ ಕೊಚ್ಚಿ ಕೊಂದಿದ್ದರು. ಅವನ ಜೊತೆ ಪೀಟರ್ ಜಗಳವಾಡಿದ್ದು ಬೀದಿಗೆಲ್ಲ ಗೊತ್ತಿತ್ತು. ತಾನು ಮೌಂಟ್ ಕೆನ್ಯಾದ ಮೇಲಿದ್ದೆ ಎಂದು ಪೀಟರ್ ಹೇಳಿದ್ದರಿಂದ ಕಾಜಿಟನ್‌ನನ್ನೂ, ಅಂದು ಬೆಳಿಗ್ಗೆಯಷ್ಟೇ ಅವನು ಲೇಬಲ್ ಬರೆದಿದ್ದ, ಇನ್ನೂ ಪೂರ್ತಿ ಒಣಗದ ಗಿಡದ ಹಾಳೆಯನ್ನೂ ಠಾಣೆಗೆ ತರಿಸಿದರು.

ಪೀಟರನನ್ನು ಕುರ್ಚಿಗೆ ಬಿಗಿದಿದ್ದರು. ತುಟಿ ಸೀಳಿ ಅಂಗಿಯೆಲ್ಲ ರಕ್ತವಾಗಿತ್ತು. ಇನ್‌ಸ್ಪೆಕ್ಟರ್ ಹಾಳೆಯನ್ನು ಮೇಜಿನ ಮೇಲೆ ಬಿಸಾಡಿದ.

"ಇದ್ಯಾವ ಕಳೆ? ಮುಥೈಗಾದ ತೋಟದ್ದೇ ತಾನೇ?"

ಕಾಜಿಟನ್ ಎಲೆಯ ಮೇಲೆ ಭೂತಗನ್ನಡಿ ಹಿಡಿದ. "ಅಲ್ಲ ಸರ್, ಇದು ಆಲ್ಕೆಮಿಲ್ಲಾ. ಮೊಣಕಾಲೆತ್ತರದ ಪೊದೆ, ವರ್ಷವಿಡೀ ಹಸಿರಾಗಿರ್ತದೆ. ಎಲೆಯ ಅಡಿ ನೋಡಿ, ಬೆಳ್ಳಿ ಬಣ್ಣದ ನವಿರು ಕೂದಲು. ಹತ್ತು ಸಾವಿರ ಅಡಿ ಮೇಲೆ, ರಾತ್ರಿ ಹಿಮ ಕಟ್ಟುವ ಇಳಿಜಾರಿನಲ್ಲಿ ಬೆಳೆಯೋದು. ನೈರೋಬಿಯಲ್ಲಿ ನೆಟ್ಟರೂ ಬದುಕುವುದಿಲ್ಲ."

"ಸರಿ, ಬೆಟ್ಟ ಹತ್ತಿದ್ದ. ಆದ್ರೆ ನೀವೇ ಶನಿವಾರ ಅಂತ ಬರೆದಿದ್ದೀರಲ್ಲ? ಕೊಲೆಯಾದದ್ದು ಭಾನುವಾರ."

ಕಾಜಿಟನ್ ಲೆಕ್ಕ ಹಾಕಿದ. ನಿಜ ಹೇಳಿದರೆ ಹನ್ನೆರಡು ವರ್ಷದ ಲೇಬಲ್ಲುಗಳೆಲ್ಲ ಸುಳ್ಳಾಗುತ್ತವೆ, ಕೆಲಸ ಹೋಗುತ್ತದೆ. ಹೇಳದಿದ್ದರೆ ಪೀಟರ್ ನೇಣಿಗೇರುತ್ತಾನೆ. ಅವನು ಭೂತಗನ್ನಡಿಯನ್ನು ಒರೆಸಿ ಜೇಬಿಗೆ ಹಾಕಿಕೊಂಡ.

ಲಾಠಿ ಪೀಟರನ ಮೊಣಕಾಲ ಮೇಲೆ ಬಿತ್ತು. ಮತ್ತೆ ಬಿತ್ತು. ಮೂರನೆಯ ಏಟಿಗೆ ಮೂಳೆ ಲಟಕ್ಕೆಂದಿತು, ಪೀಟರ್ ಹೆತ್ತವ್ವನನ್ನು ಕೂಗಿದ. ಆಗಲೂ ಕಾಜಿಟನ್ ಬಾಯಿ ಬಿಡಲಿಲ್ಲ, ಮಹಾನುಭಾವ! ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಇಲ್ಲಿ ಮಾಡಿದವನೊಬ್ಬ, ಉಣ್ಣುತ್ತಿದ್ದವನೊಬ್ಬ. ಲಾಠಿ ನಿಲ್ಲಲಿಲ್ಲ. ಕೊನೆಗೆ ರಕ್ತ ಕಾಜಿಟನ್‌ನ ಕನ್ನಡಕಕ್ಕೆ ಸಿಡಿಯಿತು.

"ಸಾಕು, ನಿಲ್ಲಿಸಿ!" ಎಂದು ಕಿರುಚಿದ. "ಶನಿವಾರ ಅಂತ ಬರೆದದ್ದು ಸುಳ್ಳು! ಅವನ ಚೀಟಿ ನನ್ನ ಕಸದ ಬುಟ್ಟಿಯಲ್ಲಿದೆ, ಹೋಗಿ ನೋಡಿ!"

ಪೇದೆಯೊಬ್ಬ ಹೋಗಿ ನಾಲ್ಕು ಚೂರು ತಂದ. ಜೋಡಿಸಿದರೆ ಪೀಟರನ ಅಕ್ಷರ: ಭಾನುವಾರ, ಬೆಳಿಗ್ಗೆ ಹನ್ನೊಂದು. ಬೆಟ್ಟದ ಆ ಇಳಿಜಾರಿನಿಂದ ನೂರು ಮೈಲಿ ದೂರದ ಮುಥೈಗಾವನ್ನು ಹನ್ನೆರಡಕ್ಕೆ ಮುಟ್ಟಲು ರೆಕ್ಕೆ ಬೇಕಿತ್ತು. ಇನ್‌ಸ್ಪೆಕ್ಟರ್ ಇಬ್ಬರಿಗೂ ಬೈದು ಹೊರಗೆ ದಬ್ಬಿದ. ಕಾಜಿಟನ್‌ನ ಕೆಲಸ ಆ ಸಂಜೆಯೇ ಹೋಯಿತು.

ಆದರೆ ಅದಕ್ಕೂ ಮೊದಲು, ಠಾಣೆಯ ಮೆಟ್ಟಿಲ ಮೇಲೆ ಅವನು ಪೀಟರನನ್ನು ತಬ್ಬಿ ಹಿಡಿದು ಅಳುತ್ತಿದ್ದ. "ತಪ್ಪಾಯ್ತು ಪೀಟರ್, ನನ್ನಿಂದ ತಪ್ಪಾಯ್ತು."

ಪೀಟರ್ ಬಾಯಿಯ ರಕ್ತ ಉಗಿದ. "ನಾನು ಒಂಬತ್ತು ಏಟು ಎಣಿಸಿದೆ, ಬ್ವಾನಾ. ನೀವೂ ಎಣಿಸ್ತಿದ್ರಾ?"

ಕಾಜಿಟನ್ ಎಣಿಸಿದ್ದ.