ಭಾವ ಕೊರೆಯದ ಸೀಲು

ನಮ್ಮ ಭಾವನಂಥ ಮೊಂಡರನ್ನು ನಾನು ಇನ್ನೆಲ್ಲೂ ನೋಡಿಲ್ಲ. ಅಕ್ಕನ ಮುಂದೆಯೇ ಹೇಳುತ್ತೇನೆ, ಅವಳೂ ತಲೆಯಾಡಿಸುತ್ತಾಳೆ.

ಅವರದು ಕೋರ್ಟಿನ ಎದುರು, ಮೆಟ್ಟಿಲ ಕೆಳಗೆ, ರಬ್ಬರ್ ಸ್ಟಾಂಪು ಕೊರೆಯುವ ಗೂಡಂಗಡಿ. ಇಬ್ಬರು ಗಿರಾಕಿ ಬಂದರೆ ಮೂರನೆಯವರು ಬೀದಿಯಲ್ಲಿ ನಿಲ್ಲಬೇಕು. ಯಾವ ಕಚೇರಿಯ ಸೀಲು ಬೇಕಾದರೂ ಆ ಕಚೇರಿಯ ಪತ್ರ, ಅಧಿಕಾರ ಇರುವವರ ಸಹಿ ತರಬೇಕು. ಅಕ್ಕ ತನ್ನ ಹೊಲಿಗೆ ಸಂಘಕ್ಕೆ ಸೀಲು ಕೇಳಿದಾಗಲೂ, "ಅಧ್ಯಕ್ಷರ ಪತ್ರ ಎಲ್ಲಿ?" ಅಂದರು.

"ಅಧ್ಯಕ್ಷೆ ನಾನೇ ಅಲ್ವಾ?"

"ಹಾಗಂತ ಸಂಘ ಹೇಳಬೇಕು. ನೀನೇ ಹೇಳಿಕೊಂಡರಾಯ್ತಾ?"

ಅವತ್ತು ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಮರುದಿನ ಸಂಘದವರೆಲ್ಲ ಸಹಿ ಹಾಕಿದ ಪತ್ರ ಬಂತು, ಸೀಲೂ ಆಯಿತು, ಊಟವೂ ಆಯಿತು.

ಯುದ್ಧದ ವರ್ಷ ಗಡಿ ಸೇತುವೆಯಾಚೆಯ ದೇಶದ ಸೇನೆ ನಮ್ಮ ಊರನ್ನು ಹಿಡಿಯಿತು. ಪುರಸಭೆಯ ಅಧ್ಯಕ್ಷರು ಸೀಲನ್ನು ಜೇಬಿಗೆ ಹಾಕಿಕೊಂಡು ಪರಾರಿ. ಅವರು ಊರಿಗೆ ಮಾಡಿದ ಒಂದೇ ಉಪಕಾರ ಅದು! ಸೇನಾಧಿಕಾರಿ ಸೇತುವೆಯಾಚೆ ಕಂದಕ ತೋಡಿಸಲು ಹನ್ನೆರಡು ಗಂಡಸರನ್ನು ಹಿಡಿದು ಶಾಲೆಯಲ್ಲಿ ಕೂಡಿಹಾಕಿದ. ಪಂಪು ರಿಪೇರಿ ಮಾಡುವ ನಮ್ಮ ಯಜಮಾನರೂ ಅದರಲ್ಲಿ ಒಬ್ಬರು. ಆದರೆ ಊರವರನ್ನು ಬಲವಂತವಾಗಿ ಒಯ್ಯಬಾರದು ಅಂತ ಯುದ್ಧಕ್ಕೂ ಒಂದು ಕಾನೂನು ಇದೆಯಂತೆ. ಸೇತುವೆಯ ಮೇಲೆ ಹೊರದೇಶದ ವೀಕ್ಷಕರು ಕೂತಿದ್ದರು. "ಇವರು ಇಷ್ಟಪಟ್ಟು ಹೋಗುತ್ತಿದ್ದಾರೆ" ಅಂತ ಪುರಸಭೆಯ ಸೀಲು ಬಿದ್ದ ಪತ್ರ ತೋರಿಸದೆ ಲಾರಿ ದಾಟುವಂತಿರಲಿಲ್ಲ.

ಅಧಿಕಾರಿ ಅಂಗಡಿಗೆ ಬಂದು ಪಿಸ್ತೂಲನ್ನು ಮೇಜಿನ ಮೇಲಿಟ್ಟ. "ಪುರಸಭೆಯ ಸೀಲು ಬೇಕು."

"ಪತ್ರ?" ಅಂದರು ಭಾವ.

"ಈ ಊರು ಈಗ ನನ್ನದು."

"ಊರು ಹಿಡಿದಿದ್ದೀರಿ ಸ್ವಾಮಿ, ನಿಜ. ಊರು ನಿಮ್ಮನ್ನು ಆರಿಸಿಲ್ಲವಲ್ಲ. ನಿಮ್ಮ ದಂಡಿನ ಸೀಲು ಬೇಕಾದರೆ ಮೇಲಿನವರ ಪತ್ರ ತನ್ನಿ, ಸಂಜೆಗೇ ಕೊಡ್ತೀನಿ."

ಭಾರೀ ಧೈರ್ಯ ಅಂದುಕೊಳ್ಳಬೇಡಿ. ಆ ನಾಲಿಗೆಗೆ ಬೇರೆ ಮಾತೇ ಬರುವುದಿಲ್ಲ, ಅಷ್ಟೇ. ಅಧಿಕಾರಿಯೂ ಗುಂಡು ಹಾರಿಸಲಿಲ್ಲ. ಕೊಂದರೆ ಸೀಲು ಕೊರೆಯುವವರು ಯಾರು? ಊರಿಗೆಲ್ಲ ಇವರೊಬ್ಬರೇ.

ಆಮೇಲೆ ಅಧಿಕಾರಿ ನನ್ನ ಬಳಿಗೆ ಬಂದ. ನಾನು ಪುರಸಭೆಯ ಟೈಪಿಸ್ಟು. "ನಿಮ್ಮ ಭಾವನಿಂದ ಸೀಲು ಮಾಡಿಸಿ. ನಿಮ್ಮ ಗಂಡನ ಹೆಸರು ಪಟ್ಟಿಯಿಂದ ತೆಗೀತೀನಿ," ಅಂದ. ನಾನು ಹಿಂದೆಮುಂದೆ ನೋಡಲಿಲ್ಲ. ಲೆಟರ್‌ಹೆಡ್ ತೆಗೆದೆ, ಪುರಸಭೆಗೆ ಹೊಸ ಸೀಲು ಬೇಕು ಅಂತ ಟೈಪ್ ಮಾಡಿದೆ, ಅಧ್ಯಕ್ಷರ ಸಹಿಯನ್ನು ನಾನೇ ಗೀಚಿದೆ. ಅಕ್ಕನ ಮನೆಗೆ ಓಡಿಹೋಗಿ ಭಾವನ ಮುಂದಿಟ್ಟೆ.

ಕನ್ನಡಕ ಏರಿಸಿ ಓದಿದರು. "ಟೈಪಿಂಗ್ ಚೆನ್ನಾಗಿದೆ, ಟೈಪಿಸ್ಟಮ್ಮ. ಸಹಿ ಯಾರದು?"

ಕಾಲು ಹಿಡಿದುಕೊಂಡೆ. "ನಿಮ್ಮ ದಮ್ಮಯ್ಯ ಭಾವ. ಹೋದರೆ ಅವರು ವಾಪಸ್ ಬರಲ್ಲ."

"ಉಳಿದ ಹನ್ನೊಂದು ಜನ?"

"ಅವರ ಗೊಡವೆ ನನಗ್ಯಾಕೆ?" ಅಂದೆ. ಹೌದು, ಹಾಗೇ ಅಂದೆ.

ಭಾವನ ಕಣ್ಣು ತುಂಬಿತು. ಆದರೂ ಪತ್ರವನ್ನು ಹರಿದು ಒಲೆಗೆ ಹಾಕಿದರು. "ನೀವು ಮನುಷ್ಯರೇ ಅಲ್ಲ!" ಅಂತ ಕೂಗಿ ಬಂದೆ.

ಅಧಿಕಾರಿ ಭಾವನಿಗೆ ಹೊಡೆಸಿದ, ಅಂಗಡಿಯ ಸಾಮಾನನ್ನೆಲ್ಲ ಬೀದಿಗೆ ಎಸೆಸಿದ. ಸೀಲು ಮಾತ್ರ ಆಗಲಿಲ್ಲ, ಲಾರಿ ಶಾಲೆಯ ಮುಂದಿನಿಂದ ಕದಲಲಿಲ್ಲ. ಹತ್ತೊಂಬತ್ತನೆಯ ದಿನ ದೇಶದೇಶಗಳ ನಡುವೆ ಒಪ್ಪಂದವಾಗಿ ಸೇನೆ ಹೊರಟಿತು. ಹನ್ನೆರಡೂ ಜನ ಗಡ್ಡ ಬಿಟ್ಟುಕೊಂಡು ಮನೆಗೆ ಬಂದರು.

ಮರುದಿನ ಉಳಿದ ಹನ್ನೊಂದು ಮನೆಯ ಹೆಂಗಸರೂ ಭಾವನನ್ನು ನೋಡಲು ಬಂದರು. ನಾನು ಯಜಮಾನರ ಜೊತೆ ಬಾಗಿಲ ಹತ್ತಿರ ನಿಂತಿದ್ದೆ. ಬಡಗಿಯ ಹೆಂಡತಿ ನನ್ನ ಕಡೆ ತಿರುಗಿ, "ಆ ಅಧಿಕಾರಿ ನಿನ್ನ ಹತ್ತಿರವೂ ಬಂದಿದ್ದನಂತಲ್ಲ, ಯಾಕೆ?" ಅಂದಳು. ನಾನು ಯಜಮಾನರ ಹಿಂದೆ ಸರಿದೆ.

"ಬಂದಿದ್ದ," ಅಂದರು ಭಾವ, ಊದಿಕೊಂಡ ಕೆನ್ನೆ ಒತ್ತಿಕೊಳ್ಳುತ್ತ. "ಗಂಡನನ್ನು ಬಿಡ್ತೀನಿ, ಸೀಲು ಮಾಡಿಸಿಕೊಡು ಅಂತ ಆಸೆ ತೋರಿಸಿದ. ಇವಳು ಒಪ್ಪಲಿಲ್ಲ. ನಾನೇ ಸಾಕ್ಷಿ."

ಆ ಹೆಂಗಸರು ಒಬ್ಬೊಬ್ಬರಾಗಿ ಬಂದು ನನ್ನನ್ನು ತಬ್ಬಿಕೊಂಡು ಅತ್ತರು. ಯಜಮಾನರು ಹೆಮ್ಮೆಯಿಂದ ನೋಡುತ್ತಿದ್ದರು. ನಾಚಿಕೆಯಿಂದ ಅಲ್ಲೇ ಸತ್ತುಹೋಗಬೇಕು ಅನ್ನಿಸಿತು. ಆದರೂ ನಾನು ಬಾಯಿ ಬಿಡಲಿಲ್ಲ.