ರೇಡಿಯೊ ಕಲಿಸಿದ ಮೇಡಂ

ಮಣಿಪಾಲದಲ್ಲಿ ನಾನು ಸಂವಹನ ಪದವಿ ಓದುವಾಗ ನಮಗೆ ರೇಡಿಯೊ ಕಲಿಸುತ್ತಿದ್ದ ಮೇಡಂ, ನಾವು ಮಾಡಿದ ಸಂದರ್ಶನಗಳ ಧ್ವನಿಮುದ್ರಣಗಳನ್ನು ಕನ್ನಡಕ ತೆಗೆದು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಮುಗಿದ ಮೇಲೆ ಯಾವಾಗಲೂ ಒಂದೇ ಪ್ರಶ್ನೆ: "ಅವರು ಎಂತ ಹೇಳಿದ್ರು?"

ನನಗೋ ನನ್ನ ಧ್ವನಿಯ ಮೇಲೆ ವಿಪರೀತ ಮೋಹ. ಹತ್ತಿರದ ಕಡಲತಡಿಯ ಊರು ಮಟ್ಟುವಿನಲ್ಲಿ ಗುಳ್ಳ ಬದನೆ ಬೆಳೆಯುವ, ಕಣ್ಣು ಮಂಜಾದ ಅಜ್ಜಿಯೊಬ್ಬರನ್ನು ಸಂದರ್ಶಿಸಿ, ತರಗತಿಯಲ್ಲಿ ಹೆಮ್ಮೆಯಿಂದ ಕೇಳಿಸಿದೆ. ಉದ್ದಕ್ಕೂ ನಾನೇ ಮಾತಾಡಿದ್ದೆ. ಅಜ್ಜಿಯದು ಬರೀ "ಹೌದು" ಇತ್ತು.

ಮೇಡಂ ಬೈಯಲಿಲ್ಲ. ಭಾನುವಾರ ಸ್ಕೂಟರಿನಲ್ಲಿ ನನ್ನನ್ನು ಮತ್ತೆ ಅಲ್ಲಿಗೆ ಕರೆದೊಯ್ದರು. ನಾನು ಬಾಯಿ ತೆರೆದಾಗಲೆಲ್ಲ ಕಾಲು ತುಳಿದರು. ಕೊನೆಗೆ ಅಜ್ಜಿ ತಾವಾಗಿಯೇ, ಗದ್ದೆಗೆ ಉಪ್ಪುನೀರು ನುಗ್ಗಿದ ವರ್ಷದ ಕಥೆಯನ್ನು ಮನಬಿಚ್ಚಿ ಹೇಳಿದರು.

ಹೊರಡುವಾಗ ಅಜ್ಜಿ ಮೇಡಂ ಕೈ ಹಿಡಿದು, "ಮೊನ್ನೆಯ ಬಾಯಿಬಡುಕನನ್ನು ಕರಕೊಂಡು ಬಾರದ್ದು ಒಳ್ಳೆಯದಾಯ್ತು ಮಾರಾಯ್ರೆ. ಈ ಹುಡುಗ ಪಾಪದವ, ಮಾತೇ ಇಲ್ಲ" ಎಂದರು.

ಮೇಡಂ ಗಂಭೀರವಾಗಿ ಹೇಳಿದರು: "ಅವನನ್ನು ಇನ್ನು ಕಳಿಸುವುದಿಲ್ಲ ಅಜ್ಜಿ."