ಹಳೆಯ ಪ್ಲಗ್

ನಾಸಿಕ್‌ನಲ್ಲಿ ನನ್ನ ಸ್ಕೂಟರ್ ನೋಡುತ್ತಿದ್ದ ಮೆಕ್ಯಾನಿಕ್ ಬೀದರ್ ಕಡೆಯವರು. ಓಝರ್‌ಗೆ ಕೆಲಸಕ್ಕೆ ಹೋಗುವಾಗ ಗಾಡಿ ನಡುದಾರಿಯಲ್ಲಿ ನಿಂತುಬಿಡುತ್ತಿತ್ತು. ಅವರು ಪ್ಲಗ್ ಬಿಚ್ಚಿ, ಪಾಲಿಶ್ ಪೇಪರಿನಿಂದ ತಿಕ್ಕಿ, ಬಾಯಿಂದ ಊದಿ ಮತ್ತೆ ಕೂರಿಸುತ್ತಿದ್ದರು. “ಎಂಟು ದಿನ ನೋಡ್ರಿ, ಮತ್ತ ಬರ್ರಿ” ಎಂದು ಚಹಾ ತರಿಸುತ್ತಿದ್ದರು. ಕನ್ನಡದಲ್ಲಿ ಏನು ಕೇಳಿದರೂ ಅವರ ಮಕ್ಕಳು ಮರಾಠಿಯಲ್ಲೇ ಉತ್ತರಿಸುತ್ತಿದ್ದರಂತೆ. ನನಗಂತೂ ಆ ಊರಲ್ಲಿ ಕನ್ನಡ ಮಾತಾಡಲು ಬೇರೆ ಯಾರೂ ಇರಲಿಲ್ಲ.

ಒಮ್ಮೆ ನಾನೇ ಹೊಸ ಪ್ಲಗ್ ಕೊಂಡೊಯ್ದೆ. ಅದನ್ನು ತಿರುಗಿಸಿ ನೋಡಿ ನನ್ನ ಕೈಗೇ ಕೊಟ್ಟರು. “ಇದು ಹಾಕಿದ್ರ ಮತ್ತ ನೀವ್ಯಾಕ ಬರ್ತೀರಿ?”

ನಾನು ಅದನ್ನು ಡಿಕ್ಕಿಗೆ ಹಾಕಿಕೊಂಡೆ.

ಈಗ ವರ್ಗವಾಗಿ ಸಂಭಾಜಿನಗರಕ್ಕೆ ಬಂದಿದ್ದೇನೆ. ಇಲ್ಲಿಯ ಮೆಕ್ಯಾನಿಕ್ ಮಾತಿಲ್ಲದೆ ಆ ಹೊಸ ಪ್ಲಗ್ ಹಾಕಿ, ಹಳೆಯದನ್ನು ನನ್ನ ಕೈಗಿಟ್ಟ. ಗಾಡಿ ಒಮ್ಮೆಯೂ ನಿಲ್ಲಲಿಲ್ಲ. ಮೊನ್ನೆ ಭಾನುವಾರ ನಾನೇ ಹೊಸದನ್ನು ಬಿಚ್ಚಿ, ಹಳೆಯದನ್ನು ತಿಕ್ಕಿ, ಊದಿ, ಮತ್ತೆ ಕೂರಿಸಿದೆ.